ಪ್ರೊಫೆಸರರ ತುಟಿಯ ಮೇಲಿನ ಪುಡಿ

ಮೇಂಗ್ ಸುಕ್‌ಜಾಳನ್ನು ಕಂಡರೆ ಜಿಂಜು ಊರಿನ ಆ ಆಸ್ಪತ್ರೆಯಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಅವಳು ಊಟದ ತಟ್ಟೆ ಹಿಡಿದು ಬಂದು ಕೂತರೆ ಆ ಮೇಜಿನವರು ಸೂಪನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಬೆನ್ನ ಹಿಂದೆ ಅವಳಿಗೆ 'ಬ್ಲೀಚ್ ಅತ್ತೆ' ಎಂದು ಹೆಸರು. ಐವತ್ತಮೂರರ ಸುಕ್‌ಜಾ ಸೋಂಕು ತಡೆಯುವ ವಿಭಾಗದ ನರ್ಸ್. ಡಾಕ್ಟರುಗಳನ್ನು ಬಾಗಿಲಲ್ಲೇ ತಡೆದು "ಕೈ ತೊಳೆದ್ರಾ?" ಎಂದು ಕೇಳುವುದೇ ಅವಳ ಕೆಲಸ. ಕೇಳುವ ದನಿಯಲ್ಲಿ ಮುಲಾಜು ಇರುತ್ತಿರಲಿಲ್ಲ.

ಅದು ಕೊರೊನಾದ ಮೊದಲ ವರ್ಷದ ನವೆಂಬರ್. ಸರ್ಕಾರದ ಮಾರ್ಗಸೂಚಿ ಅಷ್ಟರಲ್ಲಿ ಒಂಬತ್ತು ಸಲ ಬದಲಾಗಿತ್ತು. ಯಾರಿಗೆ ಎಷ್ಟು ತಿಳಿದಿದೆ ನೋಡೋಣವೆಂದು ಸುಕ್‌ಜಾ ಇಪ್ಪತ್ತು ಪ್ರಶ್ನೆಗಳ ಒಂದು ಪರೀಕ್ಷೆ ಇಟ್ಟಳು. ತರಬೇತಿಗೆ ಬಂದಿದ್ದ ವಿದ್ಯಾರ್ಥಿಗಳು ಸರಾಸರಿ ಹದಿನಾರು ತೆಗೆದರು, ಡಾಕ್ಟರುಗಳು ಹನ್ನೊಂದು. ಶ್ವಾಸಕೋಶ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ತಾಕ್ ಇನ್‌ಗ್ಯು ತೆಗೆದದ್ದು ಆರು. 'ಸೋಂಕಿನ ಅನುಮಾನವಿರುವ ರೋಗಿ ಬಂದರೆ ಮೊದಲು ಏನು ಮಾಡುತ್ತೀರಿ?' ಎಂಬ ಪ್ರಶ್ನೆಗೆ ಅವರು 'ನರ್ಸನ್ನು ಕೂಗುತ್ತೇನೆ' ಎಂದು ಬರೆದಿದ್ದರು.

ಅಂಕಗಳು ಎಲ್ಲರಿಗೂ ತಿಳಿದ ಮರುದಿನ ತಾಕ್ ಅವಳ ಕೋಣೆಗೆ ನುಗ್ಗಿದರು.

"ಹುಡುಗ್ರ ಮುಂದೆ ಡಾಕ್ಟರ್‌ಗಳ ಮಾನ ಕಳೀತೀಯಾ? ಆ ಕಾಗದ ಹರಿದು ಹಾಕು."

"ಮೊದ್ಲು 'ನೀವು' ಅನ್ನಿ ಪ್ರೊಫೆಸರೇ. ನಿಮಗಿಂತ ಎರಡು ವರ್ಷ ದೊಡ್ಡೋಳು ನಾನು."

"ಇಪ್ಪತ್ತೈದು ವರ್ಷದಿಂದ ರೋಗಿಗಳನ್ನ ನೋಡ್ತಿದೀನಿ. ಸೋಂಕು ತಡೆಯೋ ಗೌನು ಬಿಚ್ಚೋದನ್ನ ನಿನ್ನಿಂದ ಕಲೀಬೇಕಾ?"

"ಹಾಗಿದ್ರೆ ಎಲ್ಲರ ಮುಂದೆ ಬಿಚ್ಚಿ ತೋರಿಸಿ."

ಹಟಕ್ಕೆ ಬಿದ್ದು ತಾಕ್ ಒಪ್ಪಿದರು.

ಶುಕ್ರವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ತಾಕ್ ಎದುರಿಗೆ ಸುಕ್‌ಜಾ ನಿಲ್ಲಿಸಿದ್ದು ಮೂರನೇ ವರ್ಷದ ನರ್ಸಿಂಗ್ ವಿದ್ಯಾರ್ಥಿನಿ ಯೊಮ್ ದಾಹೆಯನ್ನು. ಇಪ್ಪತ್ತಕ್ಕೆ ಇಪ್ಪತ್ತು ತೆಗೆದವಳು ಅವಳೊಬ್ಬಳೇ.

"ಮೇಡಂ, ಬೇರೆ ಯಾರನ್ನಾದ್ರೂ ಕರೀರಿ. ನಾನು ಪ್ರೊಫೆಸರ್ ವಾರ್ಡಲ್ಲೇ ಇರೋದು," ಎಂದು ಹುಡುಗಿ ಪಿಸುಗುಟ್ಟಿದಳು.

"ಬಾಯ್ಮುಚ್ಕೊಂಡು ಕಲ್ತಿದ್ದನ್ನ ಮಾಡು."

ಸುಕ್‌ಜಾ ಇಬ್ಬರ ಗೌನಿಗೂ ಗ್ಲೌಸಿಗೂ, ಸೋಂಕಿನ ಬದಲಿಗೆಂದು, ಬರಿಗಣ್ಣಿಗೆ ಕಾಣದೆ ನೀಲಿ ದೀಪದಲ್ಲಷ್ಟೇ ಹೊಳೆಯುವ ಪುಡಿ ಸವರಿದಳು. ದಾಹೆ ಮೊದಲು ಗ್ಲೌಸು, ಆಮೇಲೆ ಗೌನು, ಆಮೇಲೆ ಕನ್ನಡಕ ತೆಗೆದಳು. ಪ್ರತಿಸಲವೂ ಕೈ ತೊಳೆದಳು, ಮಾಸ್ಕನ್ನು ಕೊನೆಗೆ ದಾರ ಹಿಡಿದು ಬಿಚ್ಚಿದಳು. ತಾಕ್ ಮೊದಲೇ ಮಾಸ್ಕ್ ಕಿತ್ತು, ಮೂಗು ತಿಕ್ಕಿಕೊಂಡು, ಆಮೇಲೆ ಗ್ಲೌಸಿಗೆ ಕೈಹಾಕಿದರು. ಸುಕ್‌ಜಾ ಪರದೆ ಎಳೆದು ನೀಲಿ ದೀಪ ಹಿಡಿದಳು. ದಾಹೆಯ ಮಣಿಕಟ್ಟಿನಲ್ಲಿ ಒಂದೇ ಚುಕ್ಕೆ. ತಾಕ್ ಅವರ ತುಟಿ, ಮೂಗಿನ ಹೊಳ್ಳೆ, ಕಿವಿ ಎಲ್ಲ ಹಬ್ಬದ ದೀಪದ ಹಾಗೆ ಹೊಳೆದವು.

ದಾಹೆಗೆ ನಗು ತಡೆಯಲಾಗಲಿಲ್ಲ. ತಾಕ್ ಸುಕ್‌ಜಾಳ ಕಡೆ ತಿರುಗಲೂ ಇಲ್ಲ, ಹುಡುಗಿಯನ್ನೇ ದಿಟ್ಟಿಸಿದರು.

ಸೋಮವಾರ ದಾಹೆಯ ತರಬೇತಿ ರದ್ದಾಯಿತು. ಹಿರಿಯರಿಗೆ ಅಗೌರವ ತೋರಿದಳೆಂಬುದು ಕಾರಣ. ತರಬೇತಿಯ ಗಂಟೆಗಳು ತುಂಬದೆ ಅವಳು ನಾಲ್ಕನೇ ವರ್ಷಕ್ಕೆ ಹೋಗುವಂತಿರಲಿಲ್ಲ. ಅವಳು ಸುಕ್‌ಜಾಳನ್ನು ಬಸ್ ನಿಲ್ದಾಣದಲ್ಲಿ ಹಿಡಿದಳು.

"ನೀನು ಮಾಡಿದ್ದು ಸರಿಯಾಗೇ ಇತ್ತಲ್ಲೇ," ಎಂದಳು ಸುಕ್‌ಜಾ.

"ಸರಿಯಾಗೇ ಮಾಡ್ತೀನಿ ಅಂತ ಗೊತ್ತಿದ್ದೇ ನನ್ನ ನಿಲ್ಸಿದ್ರಿ. ಅವರಿಗೆ ಹೊಡೆಯೋಕೆ ನಿಮಗೊಂದು ಕೋಲು ಬೇಕಿತ್ತು. ಕೋಲು ಮುರೀತು. ನಿಮಗೇನು ನಷ್ಟ?"

ಸುಕ್‌ಜಾ ಬಂದ ಬಸ್ಸನ್ನು ಹತ್ತದೆ ಬಿಟ್ಟಳು. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ತಾಕ್ ಅವರ ಕೋಣೆಗೆ ಹೋಗಿ ಸೊಂಟ ಬಾಗಿಸಿ ನಿಂತಳು.

"ತಪ್ಪು ನಂದು. ಹುಡುಗಿ ತರಬೇತಿ ವಾಪಸ್ ಕೊಡಿ."

"ಪರೀಕ್ಷೆ ಕಾಗದಗಳು?"

ಅವಳು ಇಡೀ ಕಟ್ಟನ್ನು ಮೇಜಿನ ಮೇಲಿಟ್ಟಳು. ತಾಕ್ ಅವಳೆದುರಿಗೇ ಒಂದೊಂದಾಗಿ ಹರಿದು, ದಾಹೆಯನ್ನು ತರಬೇತಿಗೆ ಮರಳಿ ಸೇರಿಸುವ ಪತ್ರಕ್ಕೆ ಸಹಿ ಹಾಕಿದರು.

ಡಿಸೆಂಬರಿನಲ್ಲಿ ತಾಕ್ ಅವರ ವಾರ್ಡಿನಲ್ಲೇ ಹನ್ನೊಂದು ಮಂದಿಗೆ ಸೋಂಕು ತಗುಲಿತು. ಒಬ್ಬ ಮುದುಕ ತೀರಿಕೊಂಡ. ತನಿಖೆಗೆ ಬಂದವರು ಡಾಕ್ಟರುಗಳ ತಿಳಿವಳಿಕೆಯನ್ನು ಪರೀಕ್ಷಿಸಿದ ದಾಖಲೆ ಕೇಳಿದರು. ದಾಖಲೆ ಇರಲಿಲ್ಲ. "ನಮಗೆ ಯಾರೂ ಏನೂ ಹೇಳಿಕೊಡಲಿಲ್ಲ," ಎಂದರು ತಾಕ್. ಸಭಾಂಗಣದಲ್ಲಿ ಕೂತು ನೋಡಿದ್ದವರೆಲ್ಲ ತಲೆ ತಗ್ಗಿಸಿದರು. ಸುಕ್‌ಜಾಳನ್ನು ಕೆಲಸದಿಂದ ತೆಗೆಯುವ ಆದೇಶ ಸಿದ್ಧವಾಯಿತು.

ಅಷ್ಟರಲ್ಲಿ ತನಿಖೆಯವರಿಗೆ ಒಂದು ಪುಟದ ಕಾಗದ ಬಂತು. ಪರೀಕ್ಷೆ ನಡೆದದ್ದು, ನೀಲಿ ದೀಪ ಹಿಡಿದದ್ದು, ಪುಡಿ ಎಲ್ಲೆಲ್ಲಿ ಹೊಳೆಯಿತು ಎಂಬುದು ಎಲ್ಲವೂ ಅದರಲ್ಲಿತ್ತು. ಕೆಳಗೆ ಯೊಮ್ ದಾಹೆ ಎಂದು ಸಹಿ. ತಾಕ್ ಮುಖ್ಯಸ್ಥನ ಕುರ್ಚಿ ಬಿಡಬೇಕಾಯಿತು. ದಾಖಲೆ ಕೈಬಿಟ್ಟ ತಪ್ಪಿಗೆ ಸುಕ್‌ಜಾಳನ್ನು ನೆಲಮಾಳಿಗೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು, ಕೆಲಸವೊಂದು ಉಳಿಯಿತು.

ಅವಳು ಹುಡುಗಿಯನ್ನು ಹುಡುಕಿಕೊಂಡು ಕಾಲೇಜಿಗೆ ಹೋದಳು.

"ಯಾಕೆ ಬರೆದೆ? ಮತ್ತೆ ನಿನ್ನ ತಲೆ ಮೇಲೆ ಬಂದಿದ್ರೆ?"

"ನಿಮಗೋಸ್ಕರ ಬರೀಲಿಲ್ಲ," ಎಂದಳು ದಾಹೆ. "ಸತ್ತ ಅಜ್ಜನಿಗೆ ಎರಡು ವಾರ ಗಂಜಿ ಕುಡಿಸಿದ್ದು ನಾನು. ಇನ್ನೊಂದ್ಸಲ ನನ್ನ ಹುಡುಕ್ಕೊಂಡು ಬರಬೇಡಿ."

ತರಗತಿಯ ಬಾಗಿಲು ಮುಚ್ಚಿತು. ಸುಕ್‌ಜಾ ಮೆಟ್ಟಿಲಿಳಿದು ಬಸ್ಸಿಗೆ ನಡೆದಳು.