ಹಳೆಯ ಪ್ರಾಜೆಕ್ಟಿನಿಂದ ತಂದದ್ದು

ಶ್ರೀನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾನು ಹಾಡು ರೆಕಾರ್ಡ್ ಮಾಡುತ್ತೇನೆ. ಗೋಡೆಗೆ ಹಳೆಯ ಹಾಸಿಗೆಗಳನ್ನು ಒರಗಿಸಿ, ಫ್ಯಾನ್ ಆರಿಸಿ, ಸೊಪ್ಪಿನ ಗಾಡಿಯ ಮೈಕು ಬೀದಿ ದಾಟುವವರೆಗೆ ಕಾದರೆ ಅದೇ ಸ್ಟುಡಿಯೋ. ಅಲ್ಲಿಗೆ ಬರುವವರಲ್ಲಿ ಬನಶಂಕರಿಯ ಒಬ್ಬ ಟೀಚರಮ್ಮ ನನಗೆ ತುಂಬ ಬೇಕಾದವರು. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ನನ್ನಲ್ಲಿ ಒಂದು ಆಲ್ಬಮ್ಮಿಗೆಂದು ಒಂದಷ್ಟು ವಚನ ಹಾಡಿದ್ದರು. ತೆಳ್ಳಗೆ, ಸಲೀಸಾಗಿ ಮೇಲೇರುವ ದನಿ.

ಉಳಿದ ವಚನಗಳನ್ನು ಮುಗಿಸುವ ಮೊದಲೇ ಅವರಿಗೆ ಥೈರಾಯ್ಡ್ ಆಪರೇಷನ್ ಆಯಿತು. ಕೆಲವು ತಿಂಗಳು ಮಾತಾಡುವುದೇ ಕಷ್ಟವಾಗಿತ್ತಂತೆ. ಹೋದ ವರ್ಷ ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿದರು.

"ಬರ್ಲೇನಮ್ಮ? ಹೆಂಗೆ ಬರುತ್ತೋ ಗೊತ್ತಿಲ್ಲ. ನೋಡೇ ಬಿಡೋಣ."

ಅವರು ಬರುವಷ್ಟರಲ್ಲಿ ನಾನು ಕಂಪ್ಯೂಟರಿನಲ್ಲಿ ಈ ಹಾಡಿಗೆಂದು ಹೊಸ ಪ್ರಾಜೆಕ್ಟ್ ಫೈಲ್ ತೆರೆದು, ಅವರ ಹಳೆಯ ಹಾಡುಗಳ ಪ್ರಾಜೆಕ್ಟಿನ ಸೆಟಪ್ಪನ್ನೆಲ್ಲ ಅದಕ್ಕೆ ತಂದು ಹಾಕಿದ್ದೆ: ತಂಬೂರಿ, ತಬಲಾ, ಅವರ ದನಿಯನ್ನು ಹದ ಮಾಡಲು ನಾನೇ ಕೂರಿಸಿದ್ದ ಫಿಲ್ಟರುಗಳು. ಎಲ್ಲ ಹಾಡೂ ಒಂದೇ ಆಲ್ಬಮ್ಮಿನವು ಅನ್ನಿಸಬೇಕಲ್ಲ.

ಮೊದಲ ಸಾಲಿನಲ್ಲೇ ಮೇಲಿನ ಸ್ವರ ಒಡೆಯಿತು. ಮತ್ತೆ ಹಾಡಿದರು, ಮತ್ತೆ ಒಡೆಯಿತು. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಕೇಳೋಕೇ ಆಗ್ತಿಲ್ಲ ಕಣಮ್ಮ. ಡಬ್ಬದೊಳಗೆ ಕೂತು ಹಾಡ್ದಂಗಿದೆ. ಸಾಕು ಬಿಡು."

"ಕಾಫಿ ಮಾಡ್ತೀನಿ ಮೇಡಂ, ಕುಡ್ಕೊಂಡು ಹೋಗಿ," ಎಂದೆ.

ಕೆಳಗೆ ಹಾಲು ಕಾಯಲಿಟ್ಟು ನಿಂತಿದ್ದಾಗ ಅವರು ಒಬ್ಬರೇ ಗುನುಗುವುದು ಕೇಳಿಸಿತು. ಅದೇ ವಚನ, ಆದರೆ ಬಹಳ ತಗ್ಗಿನ ಶ್ರುತಿಯಲ್ಲಿ. ದನಿ ದಪ್ಪಗಿತ್ತು, ಸ್ವಲ್ಪ ಗಡುಸಾಗಿತ್ತು, ಎಲ್ಲೂ ಒಡೆಯುತ್ತಿರಲಿಲ್ಲ. ಒಲೆ ಆರಿಸಿ ಮೆಟ್ಟಿಲು ಹತ್ತಿದೆ.

ಹಳೆಯ ಸೆಟಪ್ಪಿನಲ್ಲಿ ತಗ್ಗಿನ ನಾದವನ್ನು ಕತ್ತರಿಸುವ ಒಂದು ಫಿಲ್ಟರ್ ಇತ್ತು. ಆಗಿನ ದನಿಗೆ ಅದು ಹೊಳಪು ಕೊಟ್ಟಿತ್ತು. ಈಗಿನ ದನಿಯ ಜೀವವೆಲ್ಲ ಆ ತಗ್ಗಿನಲ್ಲೇ ಇತ್ತು. ಅದನ್ನು ಕಿತ್ತು ಹಾಕಿದೆ. ತಂಬೂರಿಯನ್ನು ಐದೂವರೆ ಶ್ರುತಿಯಿಂದ ನಾಲ್ಕಕ್ಕೆ ಇಳಿಸಿದೆ. ಆ ಶ್ರುತಿಗೆ ತಬಲಾ ಮಂಕಾಗಿ ಕೇಳಿಸಿತು. ಅದರ ಜಾಗಕ್ಕೆ ಬೇರೊಂದು ಪ್ರಾಜೆಕ್ಟಿನಿಂದ ಮೃದಂಗ ತಂದೆ.

"ಮೃದಂಗ ಜಾಸ್ತಿ ಆಯ್ತು," ಎಂದರು, ನನ್ನ ಕುರ್ಚಿಯ ಹಿಂದೆ ನಿಂತು. ಕಡಿಮೆ ಮಾಡಿದೆ.

"ಇನ್ನೂ."

ಕೊನೆಗೆ ಅದನ್ನೂ ತೆಗೆದು ತಂಬೂರಿಯೊಂದನ್ನೇ ಉಳಿಸಿಕೊಂಡೆವು.

ಈ ಸಲ ಅವರು ಕಣ್ಣು ಮುಚ್ಚಿ, ಅವಸರವಿಲ್ಲದೆ ಹಾಡಿದರು. ಮಧ್ಯೆ ಒಮ್ಮೆ ಉಸಿರು ಸಾಲದೆ ನಿಂತರು, ಅಲ್ಲಿಂದಲೇ ಮುಂದುವರಿಸಿದರು. ಮುಗಿದ ಮೇಲೆ ಕೇಳಿಸಿದೆ. ಕೈಕಟ್ಟಿಕೊಂಡು ಪೂರ್ತಿ ಕೇಳಿದರು.

"ನಂದೇನಾ ಇದು? ನಮ್ಮಮ್ಮ ಹಿಂಗೇ ಹಾಡೋರು, ದಪ್ಪ ದನೀಲಿ," ಎಂದು ನಕ್ಕರು. ಕಣ್ಣು ಒದ್ದೆಯಾಗಿತ್ತು.

"ಹಳೇ ಹಾಡುಗಳ ಜೊತೆ ಇದು ಹೊಂದಲ್ಲ ಮೇಡಂ."

"ಹೊಂದೋದು ಬೇಡ ಬಿಡು. ಇದನ್ನ ಬೇರೇನೇ ಮಾಡೋಣ. ಆ ಕಾಫಿ ಏನಾಯ್ತು?"

ಆಮೇಲೆ ಅವರು ವಾರಕ್ಕೊಮ್ಮೆ ಬರತೊಡಗಿದರು. ಅವರಿಗೆಂದೇ ಒಂದು ಹೊಸ ಸೆಟಪ್ ಮಾಡಿಟ್ಟಿದ್ದೇನೆ. ಪ್ರತಿ ಹಾಡಿಗೂ ಅದನ್ನೇ ತಂದುಕೊಳ್ಳುತ್ತೇನೆ, ಬಂದದ್ದರಲ್ಲಿ ಏನಾದರೊಂದನ್ನು ಬದಲಿಸುತ್ತೇನೆ. ಹೋದ ವಾರ ಚಪ್ಪಲಿ ಬಿಡುತ್ತಿದ್ದಂತೆಯೇ ಹೇಳಿದರು: "ಇವತ್ತು ಶ್ರುತಿ ನಾಲ್ಕೂವರೆ ಇಡಮ್ಮ. ಗಂಟಲು ಸ್ವಲ್ಪ ಬಿಟ್ಟಂಗಿದೆ."