ನಾಲ್ಕನೇ ಸಲದ ಮೇಲ್

ಮೂಡಿಗೆರೆಯ ಕಾಫಿ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರು ಸಿಟ್ಟು ಬಂದರೆ ಫೋನ್ ಮಾಡುವವರಲ್ಲ, ಮೇಲ್ ಬರೆಯುವವರು. ಕನ್ನಡಕ ಒರೆಸಿಕೊಂಡು, ಒಂದೇ ಬೆರಳಲ್ಲಿ ಕುಟ್ಟಿ ಎರಡು ಪುಟ ಬೈಗುಳ ತುಂಬಿಸುವಷ್ಟರಲ್ಲಿ ಮೇಲ್ ಪ್ರೋಗ್ರಾಮ್ ತಾನಾಗಿ ಮುಚ್ಚಿಕೊಳ್ಳುತ್ತದೆ, ಬರೆದದ್ದೆಲ್ಲ ಮಾಯ. ಕಂಪ್ಯೂಟರ್ ರಿಪೇರಿಯ ಹಾಲೇಶನಿಗೆ ಹೇಳಿಕಳಿಸಿ, ಅವನು ಬರುವವರೆಗೂ ತಡೆಯಲಾರದೆ ಮತ್ತೆ ಬರೆಯುತ್ತಾರೆ. ಕಣದಲ್ಲಿ ಒಣಹಾಕಿದ ಕಾಫಿಯ ಹಾಗೆ ಬೈಗುಳದ ತೂಕ ಸಲಸಲಕ್ಕೂ ಇಳಿಯುತ್ತದೆ. ವರ್ಷದಿಂದ ಮಾತು ಬಿಟ್ಟಿದ್ದ ಚಿಕ್ಕಮಗಳೂರಿನ ತಮ್ಮನಿಗೆ ಮೊನ್ನೆ ‘ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ’ ಎಂದು ಶುರುಮಾಡಿದ್ದು ನಾಲ್ಕನೇ ಸಲಕ್ಕೆ ‘ಭಾನುವಾರ ಬಾ, ನಿನ್ನತ್ತಿಗೆ ಕಡುಬು ಮಾಡ್ತಾಳೆ’ ಎಂದಷ್ಟೇ ಆಗಿ, ಪ್ರೋಗ್ರಾಮ್ ಮುಚ್ಚಿಕೊಳ್ಳುವ ಮೊದಲೇ ತಮ್ಮನಿಗೆ ಹೋಗಿಯೇಬಿಟ್ಟಿತು. ಸಂಜೆಗೆ ‘ಬರ್ತೀನಣ್ಣ’ ಎಂದು ಉತ್ತರವೂ ಬಂತು. “ಪೂರಾ ಸರಿ ಮಾಡಿಬಿಡ್ಲಾ ಸರ್?” ಎಂದು ಆಮೇಲೆ ಬಂದ ಹಾಲೇಶ ಕೇಳಿದಾಗ ಅವರು ಮೆಲ್ಲಗೆ ಹೇಳಿದರು: “ಈಗ್ಲೇ ಬೇಡ ಮಾರಾಯ, ಭಾವನಿಗೂ ಒಂದು ಬರಿಯೋದಿದೆ.”