ಬೆಳಗಿನ ಬ್ಯಾಚಿನ ಇಲಿಗಳು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಸುಳ್ಳೇನಲ್ಲ. ಆದರೆ ತೊಂಬತ್ತರ ದಶಕದ ಕೊನೆಯ ಆ ಚಳಿಗಾಲದಲ್ಲಿ ನನಗೆ ಬಂದ ಕೋಪದಲ್ಲಿ ಅರ್ಧ ಅಪ್ಪನ ಮೇಲೆ, ಇನ್ನರ್ಧ ಕರೆಂಟಿನ ಮೇಲೆ.

ಅಪ್ಪ ವಿಮಾ ಕಚೇರಿಯಿಂದ ನಿವೃತ್ತರಾಗಿ ಕಗ್ಗದಾಸಪುರದಲ್ಲಿ ಒಂದು ಚಿಕ್ಕ ಮನೆ ಕಟ್ಟಿಸಿದ್ದರು. ಗೋಡೆಯ ಸುಣ್ಣದ ವಾಸನೆ ಹೋಗುವ ಮೊದಲೇ ಅವರಿಗೆ ಸ್ಟ್ರೋಕ್ ಆಯಿತು. ಬಲಗಾಲು ಹೇಗೋ ಚೇತರಿಸಿಕೊಂಡಿತು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿಕೊಂಡಂತೆ ಉಳಿಯಿತು. ಮಾತು ಒಂದೊಂದೇ ಪದವಾಗಿ, ತಡೆದು ತಡೆದು ಬರುತ್ತಿತ್ತು. ಹಲಸೂರಿನಿಂದ ಫಿಸಿಯೋಥೆರಪಿಯ ಹೆಂಗಸೊಬ್ಬರು ವಾರಕ್ಕೆರಡು ಸಲ ಬಂದು ವ್ಯಾಯಾಮ ಮಾಡಿಸುತ್ತಿದ್ದರು. ಮಿಕ್ಕ ದಿನಗಳಲ್ಲಿ ಆಕೆ ಹೇಳಿಕೊಟ್ಟಂತೆ ಅಮ್ಮ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನೀವಿ, ಅಂಗೈಗೆ ರಬ್ಬರ್ ಚೆಂಡು ಕೊಟ್ಟು ಒತ್ತಿಸುತ್ತಿದ್ದಳು. ನೋವಿಗೆ ಅಪ್ಪ ಹಲ್ಲು ಕಚ್ಚಿ ಕೂರುತ್ತಿದ್ದರು. ಮೊದಲ ವರ್ಷದಲ್ಲಿ ಕೈ ಎಷ್ಟು ಬಿಚ್ಚುತ್ತದೋ ಅಷ್ಟು, ಬಿಗಿದುಕೊಂಡು ಕೂತರೆ ಆಮೇಲೆ ಯಾರಿಂದಲೂ ಆಗುವುದಿಲ್ಲ ಎಂದು ಆಕೆ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಪ್ರತಿ ಸಲವೂ ಹೇಳಿ ಹೋಗುತ್ತಿದ್ದರು.

ನನ್ನ ಕೆಲಸ ಇದ್ದದ್ದು ಗರುಡಾಚಾರ್‌ಪಾಳ್ಯದಲ್ಲಿ. ಕಾರ್ಖಾನೆಗಳ ಸಾಲಿನ ನಡುವೆ ಒಂದು ಮಹಡಿಯ ಮೇಲೆ ಚಿಕ್ಕದೊಂದು ಔಷಧ ಸಂಶೋಧನೆಯ ಲ್ಯಾಬು. ಸ್ಟ್ರೋಕ್ ಆದ ತಕ್ಷಣ ಕೊಟ್ಟರೆ ಮಿದುಳನ್ನು ಉಳಿಸುವಂಥ ಮದ್ದು ಸಿಗುತ್ತದೆಯೇ ಎಂದು ನಾವು ಅಲ್ಲಿ ಹುಡುಕುತ್ತಿದ್ದೆವು. ಎಂಥ ವಿಧಿ ನೋಡು ಎಂದು ನೆಂಟರೆಲ್ಲ ಲೊಚಗುಟ್ಟುತ್ತಿದ್ದರು. ವಿಧಿಯೂ ಇಲ್ಲ, ಮಣ್ಣೂ ಇಲ್ಲ. ಅಪ್ಪ ಗಟ್ಟಿಮುಟ್ಟಾಗಿ ಸೈಕಲ್ ತುಳಿಯುತ್ತಿದ್ದಾಗಲೇ ನಾನು ಆ ಕೆಲಸಕ್ಕೆ ಸೇರಿದ್ದೆ. ಕೆಲಸ ಕೊಟ್ಟವರು ಆ ಲ್ಯಾಬಿನವರೊಬ್ಬರೇ, ಅದಕ್ಕೆ.

ಕೆಲಸ ಇಲಿಗಳ ಜೊತೆ. ಇಲಿಗೆ ಅರಿವಳಿಕೆ ಕೊಟ್ಟು, ಕತ್ತಿನ ರಕ್ತನಾಳದೊಳಗಿಂದ ತೆಳ್ಳನೆಯ ನೈಲಾನ್ ಎಳೆಯೊಂದನ್ನು ಮಿದುಳಿನವರೆಗೆ ತೂರಿಸಿ, ರಕ್ತ ಹರಿಯುವ ದಾರಿಯನ್ನು ಸ್ವಲ್ಪ ಹೊತ್ತು ಮುಚ್ಚುತ್ತಿದ್ದೆವು. ಆಮೇಲೆ ಎಳೆಯನ್ನು ಹಿಂದಕ್ಕೆ ತೆಗೆದು, ಹೊಲಿಗೆ ಹಾಕಿ, ಶಾಖ ಕೊಡುವ ದೀಪದ ಕೆಳಗೆ ಮಲಗಿಸುತ್ತಿದ್ದೆವು. ಅರ್ಧ ಇಲಿಗಳಿಗೆ ಮದ್ದು, ಇನ್ನರ್ಧಕ್ಕೆ ಬರೀ ಉಪ್ಪುನೀರು. ಮಾರನೆಯ ದಿನ ಇಲಿಯನ್ನು ಕೊಂದು, ಮಿದುಳನ್ನು ತೆಳುವಾದ ಬಿಲ್ಲೆಗಳಾಗಿ ಕೊಯ್ದು ಒಂದು ದ್ರಾವಣದಲ್ಲಿ ಅದ್ದಿದರೆ ಬದುಕಿದ ಭಾಗ ಕೆಂಪಗಾಗುತ್ತದೆ, ಸತ್ತ ಭಾಗ ಬೆಳ್ಳಗೇ ಉಳಿಯುತ್ತದೆ. ಹೇಳುವುದಕ್ಕೆ ಸಂಕಟವಾಗುತ್ತದೆ, ಆದರೆ ಮಾಡಿದ್ದು ಇದನ್ನೇ. ಇಲಿ ಕೊಯ್ದ ದಿನ ನಾನು ಹಿತ್ತಲಿನ ಬಚ್ಚಲಲ್ಲಿ ತಲೆಗೆ ಸ್ನಾನ ಮಾಡದೆ ಅಮ್ಮ ನನ್ನನ್ನು ಅಡುಗೆಮನೆಯ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ನನ್ನ ಕೂದಲು ಉದುರಿದ್ದಕ್ಕೆ ಬೆಂಗಳೂರಿನ ಬೋರ್ ನೀರು ಕಾರಣ ಎಂದು ಆಮೇಲೆ ಅವಳೇ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ನಮ್ಮ ಮದ್ದು ಒಂದು ಮರದ ತೊಗಟೆಯಿಂದ ತೆಗೆದದ್ದು. ನೀರಿನಲ್ಲಿ ಕರಗಿಸಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಕೆಟ್ಟುಹೋಗುತ್ತಿತ್ತು. ಹಾಗಾಗಿ ಬೆಳಿಗ್ಗೆ ಮದ್ದಿನ ಬ್ಯಾಚು, ಊಟವಾದ ಮೇಲೆ ಉಪ್ಪುನೀರಿನ ಬ್ಯಾಚು ಎಂದು ರೂಢಿ ಮಾಡಿಕೊಂಡಿದ್ದೆವು. ಅದರಲ್ಲಿ ಮೋಸವಿರಲಿಲ್ಲ. ಬಿಲ್ಲೆ ಕೊಯ್ದು ಅಳೆಯುವವರಿಗೆ ಯಾವ ಇಲಿ ಯಾವ ಬ್ಯಾಚಿನದು ಎಂದು ಗೊತ್ತಾಗದಂತೆ ನೋಡಿಕೊಳ್ಳುತ್ತಿದ್ದೆವು. ಕಾಟ ಕೊಡುತ್ತಿದ್ದದ್ದು ಕರೆಂಟು. ಆ ಚಳಿಗಾಲದಲ್ಲಿ ನಮ್ಮ ಏರಿಯಾಕ್ಕೆ ಬೆಳಗಿನ ಹೊತ್ತೇ ತೆಗೆದುಬಿಡುತ್ತಿದ್ದರು. ಜನರೇಟರು ಫ್ರೀಜರಿಗೆ ಮಾತ್ರ. ನಾನು ಬಾಯಿಗೆ ಬಂದಂತೆ ಬೈದುಕೊಂಡು ಮೇಜನ್ನು ಕಿಟಕಿಯ ಹತ್ತಿರ ಎಳೆದುಕೊಂಡು, ಬೆಳಕಿಗಾಗಿ ಕಿಟಕಿಯ ಬಾಗಿಲು ಪೂರಾ ತೆರೆದು, ಡಿಸೆಂಬರ್ ಗಾಳಿಗೆ ಬೆರಳು ಮರಗಟ್ಟುತ್ತಿದ್ದರೂ ಹೊಲಿಗೆ ಹಾಕುತ್ತಿದ್ದೆ. ಕೆಲಸ ನಿಲ್ಲಿಸಲಿಲ್ಲ ಎಂಬ ಹೆಮ್ಮೆ ಬೇರೆ.

ಫಲಿತಾಂಶ ನೋಡಿ ನಮಗೆ ನಂಬುವುದಕ್ಕೇ ಆಗಲಿಲ್ಲ. ಮದ್ದು ಕೊಟ್ಟ ಇಲಿಗಳ ಬಿಲ್ಲೆಗಳು ಹೆಚ್ಚುಕಡಿಮೆ ಪೂರ್ತಿ ಕೆಂಪು. ಉಪ್ಪುನೀರಿನವುಗಳಲ್ಲಿ ಒಂದು ಬದಿ ಸುಣ್ಣ ಬಳಿದಷ್ಟು ಬಿಳಿ. ಲ್ಯಾಬಿನ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಬೆಣ್ಣೆಯಲ್ಲಿ ಕೂದಲು ಹುಡುಕುವ ಜಾತಿ. ಅವರೂ ಅವತ್ತು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಇನ್ನೊಂದು ಸಲ ಮೊದಲಿನಿಂದ ಮಾಡೋಣ, ಕುಣಿಯೋದು ಆಮೇಲೆ ಎಂದರು. ಆದರೆ ಸಂಜೆ ಎಲ್ಲರಿಗೂ ಕೇಸರಿಬಾತು ತರಿಸಿದರು.

ನನಗೆಲ್ಲಿಯ ತಾಳ್ಮೆ. ಅವತ್ತೇ ಮನೆಗೆ ಹೋಗಿ ಅಪ್ಪನ ಮುಂದೆ ಎಲ್ಲವನ್ನೂ ಹೇಳಿದೆ. ಸ್ಟ್ರೋಕ್ ಆದ ಮೇಲೆ ಅವರ ಮುಖದಲ್ಲಿ ಅಷ್ಟು ಬೆಳಕನ್ನು ನಾನು ನೋಡಿರಲಿಲ್ಲ.

"ಯಾವಾಗ?" ಎಂದರು.

ಇದು ನಿಮಗಲ್ಲ ಅಪ್ಪ, ಸ್ಟ್ರೋಕ್ ಆದ ಮೊದಲ ಕೆಲವು ಗಂಟೆಯೊಳಗೆ ಕೊಡುವಂಥದ್ದು, ಅದೂ ಇನ್ನೂ ಇಲಿಗೆ, ಮನುಷ್ಯರವರೆಗೆ ಬರಲು ವರ್ಷಗಟ್ಟಲೆ ಬೇಕು ಎಂದು ಬಿಡಿಸಿ ಹೇಳಿದೆ. ಅಪ್ಪ ಸೊಟ್ಟಬಾಯಲ್ಲೇ ಒಂದು ಕಳ್ಳನಗೆ ನಕ್ಕರು. ಕಂಪನಿ ಗುಟ್ಟು, ಮಗಳು ಹೊರಗೆ ಹೇಳುವ ಹಾಗಿಲ್ಲ ಎಂದು ತಮಗೆ ತಾವೇ ತೀರ್ಮಾನ ಮಾಡಿಕೊಂಡಿದ್ದರು. ಮಾರನೆಯ ದಿನದಿಂದ ವ್ಯಾಯಾಮ ಬಂದ್. ಅಮ್ಮ ಬೆರಳು ಹಿಡಿಯಲು ಬಂದರೆ ಕೈಯನ್ನು ಶಾಲಿನೊಳಗೆ ಎಳೆದುಕೊಳ್ಳುತ್ತಿದ್ದರು. ಚೆಂಡು ಬೀರುವಿನ ಮೇಲೆ ಹೋಯಿತು. "ಮಗಳ… ಔಷಧಿ… ಬರ್ಲಿ" ಎನ್ನುತ್ತಿದ್ದರು. ಇಂಜೆಕ್ಷನ್ ಬಂದು ಒಂದೇ ಸಲಕ್ಕೆ ಸರಿಹೋಗುವುದಿದ್ದರೆ ದಿನಾ ಈ ನರಕ ಯಾಕೆ ಎಂಬ ಲೆಕ್ಕ ಅವರದು.

ನಾನು ಎಷ್ಟು ಸಲ ಹೇಳಿದೆನೋ ನನಗೇ ಗೊತ್ತಿಲ್ಲ. ಮೆಲ್ಲಗೆ ಹೇಳಿದೆ, ಗಂಟಲು ಹರಿಯುವ ಹಾಗೆ ಕೂಗಿಯೂ ಹೇಳಿದೆ. ರೇಗಿದಷ್ಟೂ ಅವರಿಗೆ ನಂಬಿಕೆ ಹೆಚ್ಚಾಗುತ್ತಿತ್ತು. ಫಿಸಿಯೋಥೆರಪಿಯವರು ಒಂದು ದಿನ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ನೀವೇ ಹೇಳ್ಬೇಕು ಮ್ಯಾಡಮ್. ಸಾರ್ ನಮ್ ಮಾತು ಕೇಳಲ್ಲ. ಕೈ ಬಿಗಿಯಾಗ್ತಾ ಇದೆ" ಎಂದರು. ಆಮೇಲೆ ಅವರೂ ಬರುವುದು ಕಡಿಮೆ ಮಾಡಿದರು. ಅಮ್ಮನಾದರೂ ಬುದ್ಧಿ ಹೇಳಲಿ ಎಂದರೆ ಅವಳಿಗೂ ಒಳಗೊಳಗೇ ಆಸೆ ಹುಟ್ಟಿತ್ತು. ಅಟ್ಟದ ಮೇಲೆ ಇಡುತ್ತಿದ್ದ ಇಲಿಬೋನನ್ನು ತೆಗೆದಿಟ್ಟುಬಿಟ್ಟಳು. ನಮ್ಮವರಿಗಾಗಿ ಅವು ಅಲ್ಲಿ ಪ್ರಾಣ ಕೊಡುತ್ತಿರುವಾಗ ಇಲ್ಲಿ ನಾವು ಕೊಲ್ಲುವುದು ಸರಿಯಲ್ಲವಂತೆ. ಆ ಉಪಕಾರಕ್ಕೆ ಇಲಿಗಳು ಮೂಟೆಯ ಅಕ್ಕಿ ತಿಂದು, ನನ್ನ ಒಳ್ಳೆಯದೊಂದು ರೇಷ್ಮೆ ಸೀರೆಯ ಅಂಚನ್ನೂ ತಿಂದವು.

ಸಂಕ್ರಾಂತಿಯ ಆಸುಪಾಸಿನಲ್ಲಿ ಲ್ಯಾಬಿನಲ್ಲಿ ಎರಡನೆಯ ಸುತ್ತು ಶುರುವಾಯಿತು. ಅಷ್ಟರಲ್ಲಿ ಕರೆಂಟ್ ತೆಗೆಯುವ ಹೊತ್ತು ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಬದಲಾಗಿತ್ತು. ಬೆಳಿಗ್ಗೆ ದೀಪ ಉರಿಯುತ್ತದಲ್ಲ ಎಂದು ನಾನು ಖುಷಿಯಾಗಿದ್ದೆ. ಬಿಲ್ಲೆಗಳು ಬಂದಾಗ ನೋಡಿದರೆ ಎಲ್ಲ ತಿರುಗುಮುರುಗು. ಮದ್ದಿನ ಇಲಿಗಳದು ಬಿಳಿ, ಉಪ್ಪುನೀರಿನವು ಕೆಂಪು. ಉಪ್ಪುನೀರು ಮಿದುಳನ್ನು ಉಳಿಸುವುದಾದರೆ ಉಪ್ಪಿನಕಾಯಿ ತಿನ್ನುವ ಜಾತಿ ನಮ್ಮದು, ನಮಗೆ ಸ್ಟ್ರೋಕೇ ಆಗಬಾರದಿತ್ತು. ಇಲಿಗಳ ಗುರುತಿನ ಚೀಟಿ ಅದಲುಬದಲಾಗಿರಬೇಕು ಎಂದು ಎಲ್ಲರ ಮೇಲೂ ಹಾರಾಡಿದೆ. ಚೀಟಿಗಳೆಲ್ಲ ಸರಿಯಾಗಿಯೇ ಇದ್ದವು.

ಮಾರನೆಯ ಮಧ್ಯಾಹ್ನ ಹೊಲಿಗೆ ಮುಗಿಸಿದ ಇಲಿಯೊಂದನ್ನು ಎತ್ತಿ ಪಕ್ಕಕ್ಕೆ ಇಡುವಾಗ ಅದರ ಹೊಟ್ಟೆ ನನ್ನ ಅಂಗೈಗೆ ತಣ್ಣಗೆ ತಾಗಿತು. ಕರೆಂಟಿಲ್ಲದ ಹೊತ್ತು, ಕಿಟಕಿ ತೆರೆದೇ ಇತ್ತು. ಆರಿಹೋಗಿದ್ದ ದೀಪದ ಕಡೆ ನೋಡಿದೆ. ಇಲಿಯ ಮೈಶಾಖವನ್ನು ನಾವು ಶಸ್ತ್ರಕ್ರಿಯೆಗೆ ಮೊದಲು ತಪ್ಪದೆ ನೋಡುತ್ತಿದ್ದೆವು, ಮುಗಿದ ಮೇಲೆ ದೀಪವಿದೆಯಲ್ಲ ಎಂದು ಬಿಡುತ್ತಿದ್ದೆವು. ಅರಿವಳಿಕೆಯಲ್ಲಿರುವ ಇಲಿಗೆ ಮೈ ಬಿಸಿ ಕಾಯ್ದುಕೊಳ್ಳಲು ಆಗುವುದಿಲ್ಲ. ದೀಪ ಆರಿದರೆ ತಣ್ಣಗಾಗುತ್ತಾ ಹೋಗುತ್ತದೆ. ತಣ್ಣಗಾದ ಮಿದುಳಿಗೆ ಹಸಿವು ಕಡಿಮೆ, ಸ್ವಲ್ಪ ಹೊತ್ತು ರಕ್ತ ಸಿಗದಿದ್ದರೂ ತಡೆದುಕೊಳ್ಳುತ್ತದೆ. ಇದು ಈ ಕೆಲಸದಲ್ಲಿರುವ ಯಾರಿಗೂ ಹೊಸ ವಿಷಯವಲ್ಲ, ನಮಗೂ ಅಲ್ಲ. ಕರೆಂಟು ಹೋದ ಬ್ಯಾಚಿನ ಮಿದುಳು ಉಳಿದಿತ್ತು, ಕರೆಂಟು ಇದ್ದ ಬ್ಯಾಚಿನದು ಸತ್ತಿತ್ತು. ಮದ್ದಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಮೇಡಂಗೆ ಹೇಳಿದಾಗ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಿಟಕಿಯ ಬಾಗಿಲು ಎಳೆದು ಮುಚ್ಚಿ, "ಇಷ್ಟು ದಿನ ನಾವು ಪರೀಕ್ಷೆ ಮಾಡಿದ್ದು ಚಳಿಗಾಲಾನ ಕಣಮ್ಮ" ಎಂದರು. ಆಮೇಲೆ ದೀಪಕ್ಕೆ ಬ್ಯಾಟರಿ ಹಾಕಿಸಿ, ಬ್ಯಾಚುಗಳನ್ನು ಕಲಸಿ, ಮದ್ದನ್ನು ಎರಡು ಹೊತ್ತೂ ಹೊಸದಾಗಿ ಕರಗಿಸಿ, ಮತ್ತೊಮ್ಮೆ ಮಾಡಿದೆವು. ಎರಡು ಗುಂಪಿಗೂ ಕೂದಲಿನಷ್ಟೂ ವ್ಯತ್ಯಾಸ ಬರಲಿಲ್ಲ. ಮೇಡಂ ಆ ಮದ್ದಿನ ಶೀಸೆಗಳನ್ನು ತಾವೇ ಎತ್ತಿ ಫ್ರೀಜರಿನ ತಳಕ್ಕೆ ಇಟ್ಟರು. ಅವರ ಮುಖ ನೋಡಿ ನನಗೆ ಅಳು ಬಂತು.

ಅವತ್ತು ಮನೆಗೆ ಬೇಗ ಬಂದೆ. ಅಪ್ಪ ವರಾಂಡದ ಕುರ್ಚಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಪಕ್ಕದಲ್ಲಿ ಅಮ್ಮ ನೆಲದ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಚಪ್ಪಲಿ ಬಿಡುವುದರೊಳಗೆ ಅಪ್ಪ ಎಂದಿನಂತೆ "ಯಾವಾಗ?" ಎಂದರು.

"ಯಾವತ್ತೂ ಇಲ್ಲ ಅಪ್ಪ. ಆ ಔಷಧಿ ಕೆಲಸ ಮಾಡ್ಲೇ ಇಲ್ಲ."

ಈ ಸಲ ಕೂಗಲಿಲ್ಲ. ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ: ಕರೆಂಟು, ಕಿಟಕಿ, ಇಲಿಯ ತಣ್ಣನೆಯ ಹೊಟ್ಟೆ. ಇಲಿಗಳನ್ನು ಉಳಿಸಿದ್ದು ಮದ್ದಲ್ಲ, ಚಳಿ ಎಂದೆ. ಇನ್ನು ಕಾಯುವುದಕ್ಕೆ ಏನೂ ಇಲ್ಲ, ಇರುವುದು ಆ ರಬ್ಬರ್ ಚೆಂಡೊಂದೇ ಎಂದೆ. ಅಪ್ಪ ಈ ಸಲ ನಗಲಿಲ್ಲ. ನಂಬಿದರು ಎಂದು ನನಗೆ ಗೊತ್ತಾಯಿತು. ಅವರ ಕಣ್ಣಲ್ಲಿ ನೀರು ತುಂಬಿ ಸೊಟ್ಟಬಾಯಿಯ ಅಂಚಿಗೆ ಇಳಿಯಿತು. ಒರೆಸಿಕೊಳ್ಳುವ ಗೋಜಿಗೂ ಹೋಗದೆ ಬೀದಿಯ ಕಡೆ ಮುಖ ತಿರುಗಿಸಿಕೊಂಡರು. ಅಷ್ಟು ತಿಂಗಳ ನನ್ನ ಕೋಪವೆಲ್ಲ ಎಲ್ಲಿಗೆ ಹೋಯಿತೋ.

ಅವರೆಕಾಯಿ ಸುಲಿಯುವ ಸದ್ದು ನಿಂತಿತ್ತು.

"ತಣ್ಣಗಿದ್ರೆ ಮಿದುಳು ಉಳ್ಕೊಳುತ್ತಾ?" ಎಂದು ಅಮ್ಮ ಕೇಳಿದಳು.

ಇಲಿಗೆ ಹಾಗೆ ಎಂದೆ.

"ಹಂಗಾದ್ರೆ ನಾನು ಅವತ್ತು ಇವರಿಗೆ ಬಿಸಿ ಕೊಟ್ನಲ್ಲೇ."

ಅಪ್ಪನಿಗೆ ಸ್ಟ್ರೋಕ್ ಆದ ದಿನ ನಾನು ಸ್ನೇಹಿತೆಯ ಮದುವೆಗೆ ಮೈಸೂರಿಗೆ ಹೋಗಿದ್ದೆ. ಅವತ್ತು ಬೆಳಿಗ್ಗೆ ಆದದ್ದನ್ನು ಅಮ್ಮ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಎದ್ದ ಅಪ್ಪ ಚಳಿ ಚಳಿ ಎಂದರಂತೆ, ನಾಲಿಗೆ ತೊದಲಿತಂತೆ. ಶೀತಗಾಳಿ ಹೊಡೆದಿದೆ ಎಂದುಕೊಂಡು ಅವಳು ಮನೆಯಲ್ಲಿದ್ದ ರಗ್ಗುಗಳನ್ನೆಲ್ಲ ಹೊದಿಸಿ, ಬಿಸಿನೀರಿನ ಚೀಲವನ್ನು ಕತ್ತಿನ ಕೆಳಗಿಟ್ಟು, ಕರ್ಪೂರ ಹಾಕಿ ಕಾಯಿಸಿದ ಎಣ್ಣೆಯಿಂದ ನೆತ್ತಿ, ಕೈ, ಕಾಲು ಎಲ್ಲ ಉಜ್ಜಿದಳಂತೆ. ಕೈ ಬಿದ್ದುಹೋದದ್ದು ಕಂಡ ಮೇಲೆಯೇ ಆಟೋ ತರಿಸಿದ್ದು. ರೈಲ್ವೆ ಗೇಟು ಹಾಕಿತ್ತು. ಗೇಟಿನ ಮುಂದೆ ನಿಂತಾಗಲೂ ರಗ್ಗು ಜಾರದ ಹಾಗೆ ಹಿಡಿದುಕೊಂಡೇ ಕೂತಿದ್ದಳಂತೆ.

"ಇವರ ಕೈನ ನಾನೇ ಕೈಯಾರೆ ಕೊಂದೆ ಅನ್ನು" ಎಂದಳು. ಅಳಲೂ ಇಲ್ಲ. ಸುಲಿದ ಕಾಳುಗಳನ್ನೇ ನೋಡುತ್ತಿದ್ದಳು.

ನಾನು ಗಾಬರಿಯಾದೆ. ಹಾಗಲ್ಲಮ್ಮ, ಇಲಿಯ ವಿಷಯವೇ ಬೇರೆ, ಅದು ಎಚ್ಚರ ತಪ್ಪಿರುತ್ತದೆ, ಎಚ್ಚರವಾಗಿರುವ ಮನುಷ್ಯನ ಮಿದುಳಿನ ಶಾಖ ರಗ್ಗು ಹೊದಿಸಿದರೆ ಏರುವುದಿಲ್ಲ, ಆಸ್ಪತ್ರೆಯಲ್ಲೂ ಅವರೇನು ಐಸ್ ಮೇಲೆ ಮಲಗಿಸಲಿಲ್ಲ ಎಂದೆ. ಹೇಳಿದ್ದೆಲ್ಲ ನಿಜವೇ. ಡಾಕ್ಟರ ಮಾತಿಗೆ ತಲೆಯಾಡಿಸುವಂತೆ ಅಮ್ಮ ತಲೆಯಾಡಿಸಿದಳು. ಒಂದು ಮಾತೂ ಒಳಗೆ ಇಳಿಯಲಿಲ್ಲ ಎಂದು ಮುಖದಲ್ಲೇ ಕಾಣುತ್ತಿತ್ತು. ಓದಿದವಳು ನಾನು, ಲ್ಯಾಬಿನವಳು ನಾನು, ಹೇಳಿದ್ದನ್ನೇ ಮತ್ತೆ ಹೇಳಿದೆ.

ಆಗ ಅಪ್ಪ ಬೀದಿಯಿಂದ ಮುಖ ಈ ಕಡೆ ತಿರುಗಿಸಿದರು. ಮಾತು ಹುಡುಕಲು ಅವರಿಗೆ ಹೊತ್ತು ಹಿಡಿಯಿತು. ನಾವಿಬ್ಬರೂ ಕಾದೆವು.

"ಚಳಿ… ಆಗ್ತಿತ್ತು" ಎಂದರು. "ಇವಳು… ಹೊದಿಸಿದ್ಲು."

ಮತ್ತೆ ಉಸಿರು ಎಳೆದುಕೊಂಡರು.

"ಹಿತ… ಆಯ್ತು."

ಎಡಗೈಯಿಂದ ತಮ್ಮ ಬಲಗೈಯನ್ನು ಶಾಲಿನೊಳಗಿಂದ ಎತ್ತಿ, ಕುರ್ಚಿಯಿಂದ ಬಗ್ಗಿ, ಆ ಬಿಗಿದ ಮುಷ್ಟಿಯನ್ನು ಅಮ್ಮನ ಮಡಿಲಲ್ಲಿ, ಅವರೆ ಸಿಪ್ಪೆಗಳ ಮೇಲೆ ಇಟ್ಟರು.

"ಬಿಚ್ಚು" ಎಂದರು.

ಆ ಕೈ ಪೂರ್ತಿ ಬಿಚ್ಚಲಿಲ್ಲ, ಕಳೆದುಹೋದ ತಿಂಗಳುಗಳು ವಾಪಸ್ ಬರಲಿಲ್ಲ. ಮುಂದೆ ಅಮ್ಮ ಆಸರೆ ಕೊಟ್ಟರೆ ಒಂದು ಲೋಟ ಹಿಡಿಯುವಷ್ಟು ಬಂತು, ಅಷ್ಟೇ. ಆದರೆ ಅವತ್ತು ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಹೆಬ್ಬೆರಳಿನಿಂದ ಶುರು ಮಾಡಿದಳು. ಅಪ್ಪ ನೋವಿಗೆ ಕೂಗಿದರು, ಕೈ ಮಾತ್ರ ಎಳೆದುಕೊಳ್ಳಲಿಲ್ಲ.